ಜೀರಹಳ್ಳಿಯ ಪಂಪು, ಉಪ್ಪನ ದೋಣಿ

ಎಂಜಿನ್ ಓವರ್‌ಫ್ಲೋ ಆದರೆ ಏನು ಮಾಡಬೇಕು ಎಂದು ನನಗೆ ಕಲಿಸಿದವರು ನನ್ನ ಉಪ್ಪ. ಕಲಿಸಿದ್ದು ಉಳ್ಳಾಲದ ಕೋಟೆಪುರದ ದಡದಲ್ಲಿ, ನಮ್ಮ ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಎದುರು ಕೂರಿಸಿಕೊಂಡು. ಆದರೆ ಆ ಪಾಠದಲ್ಲಿ ಒಂದು ಭಾಗ ಬಾಕಿ ಉಳಿದಿತ್ತು. ಅದು ನನಗೆ ಸಿಕ್ಕಿದ್ದು ಸಮುದ್ರದಿಂದ ಬಹಳ ದೂರದಲ್ಲಿ, ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟದ ಜೀರಹಳ್ಳಿಯಲ್ಲಿ. ಅಷ್ಟು ಹೊತ್ತಿಗೆ ಉಪ್ಪ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ನಾನು ಈಗ ದೋಣಿಗೆ ಹೋಗುವುದಿಲ್ಲ. ಒಂದು ಪಿಕಪ್ ಇದೆ. ಮಂಗಳೂರಿನ ಸಗಟು ವ್ಯಾಪಾರಿಗಳಿಗೆ ತರಕಾರಿ ತಂದು ಕೊಡುತ್ತೇನೆ. ಮೈಸೂರು, ನಂಜನಗೂಡು ದಾಟಿ ಚಾಮರಾಜನಗರಕ್ಕೆ ಹೋದರೆ ಅಲ್ಲಿಂದ ತಾಳವಾಡಿ ದೂರವಲ್ಲ. ಎಲೆಕೋಸು, ಆಲೂಗಡ್ಡೆ, ಟೊಮೆಟೊ ಚೆನ್ನಾಗಿ ಬೆಳೆಯುವ ಜಾಗ. ಮೊದಲ ಸಲ ಹೋದಾಗ ನನಗೆ ಆಶ್ಚರ್ಯವಾಗಿತ್ತು. ಅಂಗಡಿ ಬೋರ್ಡುಗಳು ತಮಿಳಿನಲ್ಲಿ, ಬಸ್ಸು ತಮಿಳುನಾಡಿನದು, ಆದರೆ ಚಹಾ ಕುಡಿಯುವವರ ಮಾತೆಲ್ಲ ಕನ್ನಡ. 1956ರಲ್ಲಿ ರಾಜ್ಯಗಳ ಗಡಿ ಹಾಕಿದಾಗ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇದೇ ಬೆಟ್ಟದ ಮೇಲೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಸಂತೆಯಲ್ಲಿ ಮತ್ತೊಂದು ಮಾತಾಡಿ ಬೆಳೆದ ನಮ್ಮಂಥ ಬ್ಯಾರಿಗಳಿಗೆ ಅಂಥ ಊರು ಬೇಗ ಹಿಡಿಸುತ್ತದೆ.

ಆ ದಿನ ನಾನು ಜೀರಹಳ್ಳಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಕೋಸು ಕೊಯ್ಯುವ ಆಳುಗಳು ಮರುದಿನ ಬೆಳಿಗ್ಗೆ ಬರುವುದು ಎಂದರು. ಸರಿ, ರಾತ್ರಿ ಅಲ್ಲೇ ಉಳಿಯುವುದೆಂದು ಹೊಲದ ಯಜಮಾನರ ಮನೆಯ ಜಗಲಿಯಲ್ಲಿ ಕೂತೆ. ಕೆಳಗಿನ ಹೊಲದಿಂದ ಯಾರೋ ಎಂಜಿನ್‌ನ ಹಗ್ಗ ಎಳೆಯುವ ಸದ್ದು ಬರುತ್ತಿತ್ತು. ಒಂದು ಎಳೆತ, ಒಂದು ಬೈಗುಳ. ಮತ್ತೊಂದು ಎಳೆತ, ಮತ್ತೊಂದು ಬೈಗುಳ. ಹಗ್ಗ ಎಳೆಯುವ ಸದ್ದು ಕೇಳಿದರೆ ಸುಮ್ಮನೆ ಕೂರಲಾಗದ ರೋಗ ನನಗಿದೆ. ಇಳಿದು ಹೋದೆ.

ಇಳಿಜಾರಿನ ಕೆಳಗೆ ಒಂದು ನೀರಿನ ಹೊಂಡ. ಅದರ ದಡದಲ್ಲಿ ಒಂದು ಹಳೆಯ ಪಂಪು. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಜಾತಿಯದು. ಹದಿನೈದು ವರ್ಷದ ಹುಡುಗ ಹಗ್ಗ ಎಳೆಯುತ್ತಿದ್ದ. ಯಜಮಾನರು ಬೀಡಿ ಸೇದುತ್ತಾ ಬೈಯುತ್ತಿದ್ದರು.

"ಮೂರ್ ದಿನಾಯ್ತು ಸಾಬ್ರೇ, ಹತ್ತಾಕಿಲ್ಲ ಅಂತದ. ಇವ್ನೇ ಕೆಡಿಸ್ದೋನು. ರಾತ್ರಿಯೆಲ್ಲ ಟ್ಯಾಪು ತೆಗ್ದು ಬುಟ್ಟವ್ನೆ. ಎಣ್ಣೆಯೆಲ್ಲ ಇಂಜನ್ ಒಳಕ್ಕೆ ಹೋಗದೆ" ಎಂದರು.

ಹುಡುಗ ತಲೆ ಎತ್ತಲಿಲ್ಲ.

ಮೇಲಿನ ಮಡಿಯಲ್ಲಿ ಹೊಸದಾಗಿ ನೆಟ್ಟ ಕೋಸಿನ ಸಸಿಗಳು. ನೆಟ್ಟು ಒಂದು ವಾರವೂ ಆಗಿಲ್ಲ. ಎಲೆ ಜೋತು ಬಿದ್ದಿತ್ತು. ಕರೆಂಟಿನ ಬೋರ್‌ವೆಲ್ ಇತ್ತು, ಅದರಲ್ಲಿ ನೀರು ಇಳಿದಿತ್ತು. ಹೊಂಡದ ನೀರೇ ಗತಿ. ಅದಕ್ಕೂ ಹೊತ್ತಿನ ಮಿತಿ ಇದೆ. ಜೀರಹಳ್ಳಿ ಎಂದರೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯದ ಹೆಸರೂ ಹೌದು. ಕತ್ತಲಾದ ಮೇಲೆ ಆನೆಗಳು ನೀರಿಗೆ ಬರುತ್ತವೆ, ನೀರು ಕುಡಿದು ಹೊಲಕ್ಕೆ ನುಗ್ಗುತ್ತವೆ. ಸಂಜೆ ಆರರ ಮೇಲೆ ಹೊಂಡದ ಹತ್ತಿರ ಯಾರೂ ನಿಲ್ಲುವುದಿಲ್ಲ. ಅಂದರೆ ನಮಗಿದ್ದದ್ದು ಮೂರೂವರೆ ಗಂಟೆ. ಪಂಪು ಓಡದಿದ್ದರೆ ಸಸಿಗಳಿಗೆ ಇನ್ನೊಂದು ದಿನದ ಬಿಸಿಲು, ಹುಡುಗನಿಗೆ ಇನ್ನೊಂದು ದಿನದ ಬೈಗುಳ.

"ಯಜಮಾನ್ರೇ, ಮೊದಲು ಬೀಡಿ ಬಿಸಾಡಿ" ಎಂದೆ. ಏರ್ ಫಿಲ್ಟರಿನ ಬಾಯಿಯಿಂದ ಎಣ್ಣೆ ತೊಟ್ಟಿಕ್ಕಿ ನೆಲವೆಲ್ಲ ಒದ್ದೆಯಾಗಿತ್ತು. ಅವರು ಬೀಡಿಯನ್ನು ಹೊಂಡಕ್ಕೆ ಎಸೆದರು. ನಾನು ಮೇಲೆ ಹೋಗಿ ಪಿಕಪ್‌ನಿಂದ ಉಪ್ಪನ ಡಬ್ಬಿ ತಂದೆ.

ಅದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಪ್ಲಗ್ ಸ್ಪ್ಯಾನರು, ಎರಡು ಸ್ಕ್ರೂಡ್ರೈವರ್, ಇಕ್ಕಳ, ಹಲ್ಲುಜ್ಜುವ ಹಳೆಯ ಬ್ರಷ್, ಒಂದಿಷ್ಟು ವಾಷರುಗಳು, ಕಾಗದದಲ್ಲಿ ಸುತ್ತಿಟ್ಟ ಸಣ್ಣ ಸಣ್ಣ ಸಾಮಾನುಗಳು. ದೋಣಿ ಮಾರಿದ ಮೇಲೂ ಉಪ್ಪ ಇದನ್ನು ಮಾರಲಿಲ್ಲ. ಅವರು ಹೋದ ಮೇಲೆ ನನ್ನ ಗಾಡಿಯಲ್ಲೇ ಇದೆ.

ಈಗಿನ ಮಕ್ಕಳಿಗೆ ಕಾರ್ಬೊರೇಟರ್ ಅಷ್ಟಾಗಿ ಗೊತ್ತಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಅದು ಹೆಚ್ಚುಕಡಿಮೆ ಮಾಯವಾಗಿದೆ. ಹಾಗಾಗಿ ಸ್ವಲ್ಪ ಹೇಳುತ್ತೇನೆ. ನಿಮ್ಮ ಮನೆಯ ತಾರಸಿಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ನೀರು ತುಂಬಿದಾಗ ಚೆಂಡು ಮೇಲೆ ಬಂದು ನಲ್ಲಿಯನ್ನು ಮುಚ್ಚುತ್ತದೆ. ಕಾರ್ಬೊರೇಟರಿನ ಕೆಳಗಿನ ಬಟ್ಟಲಿನಲ್ಲೂ ಅದೇ ಕೆಲಸ. ಅಲ್ಲಿ ತೇಲುವುದಕ್ಕೆ ಫ್ಲೋಟ್ ಎನ್ನುತ್ತಾರೆ. ಎಣ್ಣೆ ಏರಿದಂತೆ ಫ್ಲೋಟ್ ಏರುತ್ತದೆ, ಒಂದು ಸಣ್ಣ ನೀಡಲನ್ನು ಮೇಲಕ್ಕೆ ಒತ್ತುತ್ತದೆ, ನೀಡಲಿನ ಚೂಪು ತುದಿ ಎಣ್ಣೆ ಬರುವ ತೂತನ್ನು ಮುಚ್ಚುತ್ತದೆ. ಆ ತೂತಿನ ಅಂಚಿಗೆ ಸೀಟ್ ಎಂದು ಹೆಸರು. ನೀಡಲ್ ಸೀಟಿನ ಮೇಲೆ ಸರಿಯಾಗಿ ಕೂರದಿದ್ದರೆ ಎಣ್ಣೆ ನಿಲ್ಲುವುದಿಲ್ಲ. ಬಟ್ಟಲು ತುಂಬಿ ಎಂಜಿನ್ ಒಳಗೆ ಹೋಗುತ್ತದೆ. ಅದೇ ಓವರ್‌ಫ್ಲೋ. ಎಂಜಿನ್‌ಗೆ ಬೇಕಾದದ್ದು ಗಾಳಿಯಲ್ಲಿ ಬೆರೆತ ಎಣ್ಣೆಯ ಮಂಜು. ಎಣ್ಣೆಯೇ ಸುರಿದರೆ ಅದು ಹತ್ತುವುದಿಲ್ಲ.

ಉಪ್ಪ ಹೇಳುತ್ತಿದ್ದ ಮೊದಲ ಮಾತು, ಓವರ್‌ಫ್ಲೋ ಆದ ಎಂಜಿನ್‌ನ ಹಗ್ಗ ಎಳೆಯಬೇಡ ಎಂದು. ಸಿಲಿಂಡರಿನಲ್ಲಿ ಎಣ್ಣೆ ನಿಂತಿದ್ದರೆ ಪಿಸ್ಟನ್‌ಗೆ ಮೇಲೆ ಬರಲು ಜಾಗ ಇರುವುದಿಲ್ಲ, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹುಡುಗನ ಕೈಯಿಂದ ಹಗ್ಗ ತೆಗೆದುಕೊಂಡೆ. ಟ್ಯಾಪು ಮುಚ್ಚಿ ಪ್ಲಗ್ ಬಿಚ್ಚಿದೆ. ಕಪ್ಪಗೆ, ಒದ್ದೆ. ಪ್ಲಗ್ಗಿನ ವೈರನ್ನು ತೂತಿನಿಂದ ದೂರಕ್ಕೆ ತಿರುಗಿಸಿ ಎಂಜಿನ್‌ನ ಮೈಗೆ ತಾಗಿಸಿಟ್ಟು, ಚೋಕ್ ತೆಗೆದು, ಹಗ್ಗ ನಿಧಾನಕ್ಕೆ ಎಳೆದೆ. ಪಿಚಕಾರಿಯಂತೆ ಸೀಮೆಎಣ್ಣೆ ಹಾರಿತು. ಹುಡುಗ ಹಿಂದೆ ಜಿಗಿದ.

ಎರಡನೆಯದು ದೋಣಿಯ ಎಂಜಿನ್‌ಗೆ ಇಲ್ಲದ ಕೆಲಸ. ನಮ್ಮ ಔಟ್‌ಬೋರ್ಡು ಟೂ ಸ್ಟ್ರೋಕ್, ಆಯಿಲನ್ನು ಎಣ್ಣೆಗೇ ಬೆರೆಸುವುದು. ಈ ಪಂಪು ಫೋರ್ ಸ್ಟ್ರೋಕ್, ಆಯಿಲು ಕೆಳಗೆ ಬೇರೆಯೇ ಇರುತ್ತದೆ. ಕಡ್ಡಿ ತೆಗೆದು ನೋಡಿದರೆ ಆಯಿಲು ಗುರುತಿಗಿಂತ ಎಷ್ಟೋ ಮೇಲೆ. ಮೂಸಿದರೆ ಸೀಮೆಎಣ್ಣೆ ವಾಸನೆ. ಸಿಲಿಂಡರಿನಿಂದ ಜಾರಿದ ಎಣ್ಣೆ ಕೆಳಗಿಳಿದು ಆಯಿಲನ್ನು ನೀರು ಮಾಡಿತ್ತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಬೇರಿಂಗು ಹಿಡಿದುಕೊಳ್ಳುತ್ತಿತ್ತು. "ಹತ್ತದಿದ್ದದ್ದೇ ಒಳ್ಳೆಯದಾಯಿತು" ಎಂದೆ. ನನ್ನ ಗಾಡಿಯಲ್ಲಿ ಒಂದು ಲೀಟರ್ ಆಯಿಲಿನ ಡಬ್ಬಿ ಸೀಟಿನ ಹಿಂದೆ ಇದೆ, ತರುತ್ತೀರಾ ಎಂದು ಕೇಳಿದೆ. ಯಜಮಾನರು ಇಳಿಜಾರು ಹತ್ತಿ ಹೋದರು.

ಅವರು ದೂರ ಹೋದ ಮೇಲೆ ಹುಡುಗ ಮೆಲ್ಲಗೆ ಹೇಳಿದ, "ಅಣ್ಣಾ, ಟ್ಯಾಪು ಮುಚ್ಚಿದ್ದೆ ಅಂತ ಅಪ್ಪನಿಗೆ ಹೇಳಿವ್ನಿ. ಮುಚ್ಚಿರ್ನಿಲ್ಲ."

ನನ್ನ ಕೈ ನಿಂತಿತು. ಯಾಕೆ ನಿಂತಿತು ಎಂದು ಹೇಳಬೇಕಾದರೆ 1998ಕ್ಕೆ ಹೋಗಬೇಕು.

ಆಗ ನನಗೂ ಹದಿನೈದು. ಸೋಣ ತಿಂಗಳು, ಮಳೆ ಬಿಟ್ಟು ಬಿಸಿಲು ಬಿದ್ದ ದಿನ. ಉಪ್ಪ, ಚಿಕ್ಕಪ್ಪ ಮತ್ತು ನಾನು ದೋಣಿಯಲ್ಲಿದ್ದೆವು. ನೇತ್ರಾವತಿ, ಗುರುಪುರ ಹೊಳೆ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆಬಾಗಿಲಿನ ಹೊರಗೆ ಬಂಗುಡೆಗೆ ಬಲೆ ಬಿಟ್ಟಿದ್ದೆವು. ಬಲೆ ಹೊಸದು, ಸಾಲ ಮಾಡಿ ತಂದದ್ದು. ಎಂಜಿನ್ ನಿಲ್ಲಿಸು ಎಂದು ಉಪ್ಪ ಬಲೆಯ ಕಡೆಯಿಂದ ಕೂಗಿದರು. ನಿಲ್ಲಿಸಿದೆ.

ಸೀಮೆಎಣ್ಣೆ ಎಂಜಿನ್‌ಗೆ ಒಂದು ಕಟ್ಟಳೆ ಇದೆ. ಚಿಮಿಣಿ ಎಣ್ಣೆ ತಣ್ಣಗಿರುವಾಗ ಹತ್ತುವುದಿಲ್ಲ. ಅದಕ್ಕೆ ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿ ನಿಲ್ಲಿಸಬೇಕು. ಆಗ ಬಟ್ಟಲಿನಲ್ಲಿ ಪೆಟ್ರೋಲು ಉಳಿಯುತ್ತದೆ, ಮುಂದಿನ ಸಲ ಸುಲಭವಾಗಿ ಹತ್ತುತ್ತದೆ. ನಾನು ತಿರುಗಿಸಲು ಮರೆತೆ. ಅಷ್ಟೇ ಅಲ್ಲ, ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸ್ಕ್ರೂ ಇರುತ್ತದೆ. ಅಲೆಯ ನೀರು ಹಾರಿ ಒಳಗೆ ಹೋದೀತೆಂದು ಅದನ್ನು ಬಿಗಿಯಾಗಿ ಮುಚ್ಚಿದೆ. ಒಂದೂವರೆ ಗಂಟೆ ಟ್ಯಾಂಕು ಬಿಸಿಲಿನಲ್ಲಿ ಕಾದಿತು. ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಪೈಪಿನಲ್ಲಿ ತಳ್ಳಿತು. ಪೈಪು ಕಾರ್ಬೊರೇಟರಿಗೆ ತೆರೆದೇ ಇತ್ತು.

ಗಾಳಿ ತಿರುಗಿತು. ದೋಣಿ ಬಲೆಯ ಸಮೇತ ಅಳಿವೆಯ ಮರಳದಿಣ್ಣೆಯ ಕಡೆ ಸರಿಯತೊಡಗಿತು. ಅಲ್ಲಿ ಅಲೆ ಒಡೆಯುವುದು ನಮ್ಮವರಿಗೆಲ್ಲ ಗೊತ್ತು. ಉಪ್ಪ ಹಗ್ಗ ಎಳೆದರು. ಹತ್ತಲಿಲ್ಲ. ನಾನು ಹೆದರಿ ಪೈಪಿನ ರಬ್ಬರ್ ಬಲ್ಬನ್ನು ಹಿಂಡಿದೆ, ಹಿಂಡಿದೆ. ಇನ್ನಷ್ಟು ಎಣ್ಣೆ ಹೋಯಿತು. ಉಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. ಪ್ಲಗ್ ಬಿಚ್ಚಿದರು, ಒರೆಸಿದರು, ಬಟ್ಟಲು ಖಾಲಿ ಮಾಡಿದರು. ಆಮೇಲೆ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ಗಾಳಿ ಸ್ಕ್ರೂ ತಿರುಗಿಸಿದರು.

"ಉಸ್ಸ್" ಎಂದು ಗಾಳಿ ಹೊರಗೆ ಬಂತು.

ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಉಪ್ಪ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಮತ್ತೆ ಹಗ್ಗ ಹಿಡಿದರು.

ಬೆಂಗರೆ ಕಡೆಯ ಒಂದು ದೋಣಿ ನಮ್ಮನ್ನು ನೋಡಿ ಬಂತು, ಹಗ್ಗ ಎಸೆಯಿತು. ಬಲೆ ಎಳೆದು ಹತ್ತಿಸುವಷ್ಟು ಹೊತ್ತು ಇರಲಿಲ್ಲ. ಬಲೆಯ ಸಮೇತ ಎಳೆಯಲು ಅವರ ಎಂಜಿನ್‌ಗೂ ಆಗುತ್ತಿರಲಿಲ್ಲ. ಉಪ್ಪ ಕತ್ತಿ ತೆಗೆದು ಬಲೆಯ ಹಗ್ಗ ಕಡಿದರು. ಎರಡು ದಿನ ಹುಡುಕಿದೆವು, ಬಲೆ ಸಿಗಲಿಲ್ಲ. ಅದರ ಸಾಲ ತೀರಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಉಪ್ಪ ಬೇರೆಯವರ ದೋಣಿಗೆ ಆಳಾಗಿ ಹೋದರು.

ದಡದಲ್ಲಿ ಎಲ್ಲರೂ ಕೇಳಿದಾಗ ಉಪ್ಪ ಒಂದೇ ಮಾತು ಹೇಳಿದರು. "ಕಾರ್ಬೊರೇಟರ್ ಹಾಳಾಗಿತ್ತು." ನನ್ನ ಹೆಸರು ಬರಲೇ ಇಲ್ಲ. ನನ್ನನ್ನು ಉಳಿಸಲು ಉಪ್ಪ ಸುಳ್ಳು ಹೇಳಿದರು ಎಂದು ನಾನು ನಂಬಿದೆ. ನಾನೇ ಹೋಗಿ, ಉಪ್ಪ, ಸ್ಕ್ರೂ ಮುಚ್ಚಿದ್ದು ನಾನು ಎಂದು ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಆ ವರ್ಷ ಹೇಳಲಿಲ್ಲ, ಮರುವರ್ಷ ಹೇಳಲಿಲ್ಲ. ಆಮೇಲೆ ಹೇಳುವುದಕ್ಕೇ ನಾಚಿಕೆಯಾಯಿತು. ಅವರು ಆಸ್ಪತ್ರೆಯಲ್ಲಿದ್ದಾಗಲೂ ಬಾಯಿಗೆ ಬಂದದ್ದು ನುಂಗಿದೆ.

ಹೀಗೆ ಹುಡುಗನ ಮಾತು ಕೇಳಿ ನನ್ನ ಕೈ ನಿಂತದ್ದು.

"ಅಪ್ಪ ಬಂದ ಮೇಲೆ ನೀನೇ ಹೇಳು" ಎಂದೆ. "ಹೊಡೀತಾರೆ" ಎಂದ. "ಹೊಡೆಯಲಿಕ್ಕೆ ನಾನು ಬಿಡುವುದಿಲ್ಲ. ಆದರೆ ಇವತ್ತೇ ಹೇಳು" ಎಂದೆ. ಮತ್ತೆ ಕೆಲಸಕ್ಕೆ ಕೈ ಹಾಕಿದೆ.

ಬಟ್ಟಲು ಬಿಚ್ಚಿ ಅದರಲ್ಲಿದ್ದ ಎಣ್ಣೆಯನ್ನು ಒಂದು ಗಾಜಿನ ಲೋಟಕ್ಕೆ ಸುರಿದೆ. ಉಪ್ಪ ಯಾವಾಗಲೂ ಹಾಗೇ ಮಾಡುತ್ತಿದ್ದರು. ನೆಲಕ್ಕೆ ಚೆಲ್ಲಿದರೆ ರೋಗದ ಗುರುತೂ ಚೆಲ್ಲಿ ಹೋಗುತ್ತದೆ. ಲೋಟದ ತಳದಲ್ಲಿ ಎರಡು ನೀರಿನ ಗುಳ್ಳೆ, ತುಕ್ಕಿನ ಪುಡಿ. ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ ಎಂದು ಗೊತ್ತಾಯಿತು. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಎಣ್ಣೆ ಇದ್ದರೆ ಕುಲುಕುವ ಸದ್ದು ಬರುತ್ತದೆ. ಬರಲಿಲ್ಲ. ಅನುಮಾನ ಇದ್ದರೆ ಬಿಸಿ ನೀರಿನಲ್ಲಿ ಮುಳುಗಿಸಿ ನೋಡಬೇಕು, ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಹಿತ್ತಾಳೆಯ ಫ್ಲೋಟ್ ಆದರೆ ಬೆಸುಗೆ ಹಾಕಿಸಬಹುದು. ಆದರೆ ಬೆಸುಗೆ ಹೆಚ್ಚಾದರೆ ಅದರ ಭಾರಕ್ಕೆ ಫ್ಲೋಟ್ ತಗ್ಗಿ ತೇಲುತ್ತದೆ, ನೀಡಲ್ ಮುಚ್ಚುವುದು ತಡವಾಗುತ್ತದೆ, ಮತ್ತೆ ಓವರ್‌ಫ್ಲೋ.

ನೀಡಲ್ ತೆಗೆದೆ. ತುದಿಯಲ್ಲಿ ಒಂದು ತುಕ್ಕಿನ ಕಣ ಅಂಟಿತ್ತು. ಅದನ್ನು ಒರೆಸಿ ಬೆಳಕಿಗೆ ಹಿಡಿದರೆ ತುದಿಯ ಸುತ್ತ ಉಂಗುರದಂಥ ಗೆರೆ. ಸೀಟಿನ ಮೇಲೆ ಕೂತು ಕೂತು ಸವೆದ ಗುರುತು.

"ಒಳ್ಳೆಯ ನೀಡಲ್ ಹೇಗಿರುತ್ತದೆ ಎಂದು ತೋರಿಸುತ್ತೇನೆ, ನೋಡು" ಎಂದು ಹುಡುಗನಿಗೆ ಹೇಳಿ ಉಪ್ಪನ ಡಬ್ಬಿ ತೆರೆದೆ. ಅದರಲ್ಲಿ ನಮ್ಮ ದೋಣಿ ಎಂಜಿನ್‌ನ ಒಂದು ನೀಡಲ್ ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಅದು ಸ್ಪೇರ್ ಎಂದೇ ನಾನು ತಿಳಿದಿದ್ದೆ. ದೋಣಿಯೇ ಇಲ್ಲದ ಮೇಲೆ ಬಿಚ್ಚಿ ನೋಡುವ ಸಂದರ್ಭ ಬಂದಿರಲಿಲ್ಲ. ಕಾಗದ ಬಿಚ್ಚಿದೆ.

ಅದರ ತುದಿಯಲ್ಲೂ ಉಂಗುರ. ಈ ಪಂಪಿನದಕ್ಕಿಂತ ಆಳದ್ದು. ಉಗುರಿಟ್ಟರೆ ಸಿಕ್ಕಿಕೊಳ್ಳುವಷ್ಟು.

ಅದು ಸ್ಪೇರ್ ಆಗಿರಲಿಲ್ಲ. ಬಳಸಿ ಸವೆದು ತೆಗೆದದ್ದು. ಆ ಘಟನೆಯ ಮರುವಾರ ಉಪ್ಪ ಕಾರ್ಬೊರೇಟರಿನ ಕಿಟ್ ತಂದು ಹಾಕಿದ್ದು ನನಗೆ ನೆನಪಿದೆ. ಹಳೆಯದನ್ನು ಬಿಸಾಡದೆ ಯಾಕೆ ಇಟ್ಟುಕೊಂಡರು?

ಅಷ್ಟರಲ್ಲಿ ಯಜಮಾನರು ಆಯಿಲು ಹಿಡಿದು ಬಂದರು. ಹುಡುಗ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡುತ್ತಾ ಹೇಳಿಯೇ ಬಿಟ್ಟ. "ಅಪ್ಪಾ, ಟ್ಯಾಪು ನಾನು ಮುಚ್ಚಿರ್ನಿಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಯಜಮಾನ್ರೇ, ಅವನು ಟ್ಯಾಪು ಮುಚ್ಚಬೇಕಿತ್ತು, ಅದು ತಪ್ಪೇ. ಆದರೆ ಪಂಪು ಓಡುವಾಗ ಟ್ಯಾಪು ತೆರೆದೇ ಇರುತ್ತದಲ್ಲ? ಆಗ ಎಣ್ಣೆ ತಡೆಯುವುದು ಯಾರು? ಈ ನೀಡಲ್. ಇದು ಸರಿಯಿದ್ದರೆ ರಾತ್ರಿಯಿಡೀ ಟ್ಯಾಪು ತೆರೆದಿದ್ದರೂ ತೊಟ್ಟು ಎಣ್ಣೆ ಕೆಳಗಿಳಿಯಬಾರದು. ನೋಡಿ, ಹೇಗೆ ಸವೆದಿದೆ."

ಅವರು ನೀಡಲನ್ನು ಕೈಗೆ ತೆಗೆದುಕೊಂಡು ನೋಡಲಿಲ್ಲ. ಹೊಂಡದ ಕಡೆ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು.

"ಗೊತ್ತು ಸಾಬ್ರೇ. ಹೋದ್ ವರ್ಷನೇ ಮೆಕ್ಯಾನಿಕ್ ಹೇಳಿದ್ದ, ನೀಡ್ಲು ಸವೆದದ ಬದ್ಲಾಯ್ಸು ಅಂತ. ಕೋಸಿಗೆ ರೇಟ್ ಇರ್ನಿಲ್ಲ. ಆಮ್ಯಾಕೆ ನೋಡುಮ ಅಂತ ಬುಟ್ಟೆ."

ಮೂರು ದಿನ ಮಗನನ್ನು ಬೈದ ಮನುಷ್ಯ ಅದನ್ನು ಹೇಳಿದ ರೀತಿಯಲ್ಲಿ ನನಗೆ ಉಪ್ಪನ ಮುಖ ಕಂಡಿತು. "ಉಸ್ಸ್" ಎಂದಾಗ ನನ್ನನ್ನು ನೋಡಿದ ಮುಖ. ಇಷ್ಟು ವರ್ಷ ಅದು ನನ್ನ ತಪ್ಪನ್ನು ನೋಡಿದ ನೋಟ ಎಂದುಕೊಂಡಿದ್ದೆ. ಆದರೆ ಒಳ್ಳೆಯ ನೀಡಲ್ ಇದ್ದಿದ್ದರೆ, ಬಿಸಿಲಿಗೆ ಹಿಗ್ಗಿದ ಗಾಳಿಯ ಅಷ್ಟು ಒತ್ತಡವನ್ನು ಬಹುಶಃ ತಡೆಯುತ್ತಿತ್ತು. ಉಪ್ಪನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ನೀಡಲ್ ಸವೆದದ್ದೂ ಗೊತ್ತಿದ್ದಿರಬೇಕು. ಹೊಸ ಬಲೆಯ ಸಾಲದ ನಡುವೆ ಕಿಟ್ಟಿನ ದುಡ್ಡು ಮುಂದೆ ಹೋಗಿರಬೇಕು. "ಕಾರ್ಬೊರೇಟರ್ ಹಾಳಾಗಿತ್ತು" ಎಂದು ಅವರು ದಡದಲ್ಲಿ ಹೇಳಿದ್ದು ನನ್ನನ್ನು ಉಳಿಸುವ ಸುಳ್ಳು ಮಾತ್ರ ಆಗಿರಲಿಲ್ಲ. ತಮ್ಮ ಪಾಲಿನ ತಪ್ಪನ್ನು ಅವರು ಅಷ್ಟೇ ಮಾತಿನಲ್ಲಿ ಒಪ್ಪಿಕೊಂಡಿದ್ದರು.

ಯೋಚಿಸುತ್ತಾ ಕೂರಲು ಹೊತ್ತಿರಲಿಲ್ಲ. ನಾಲ್ಕೂವರೆ ಆಗಿತ್ತು.

ಸೀಟನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯ ತುದಿ ಹೊಸೆದು ಒರೆಸಿದೆ. ಸೀಟಿಗೂ ಜೆಟ್ಟಿಗೂ ಕಬ್ಬಿಣದ ತಂತಿ ಹಾಕಬಾರದು, ಗೀರು ಬಿದ್ದರೆ ಜನ್ಮದಲ್ಲಿ ಸರಿಯಾಗುವುದಿಲ್ಲ. ಹುಡುಗನಿಗೆ ಬ್ರಷ್ ಕೊಟ್ಟು ಬಟ್ಟಲು ಉಜ್ಜಿಸಿದೆ. ಟ್ಯಾಂಕಿನ ಎಣ್ಣೆ ಇಳಿಸಿ ಬಟ್ಟೆಯಲ್ಲಿ ಸೋಸಿದೆವು. ಫ್ಲೋಟನ್ನು ಬೆರಳಿನಿಂದ ಎತ್ತಿ ಹಿಡಿದು ಪೈಪಿನಲ್ಲಿ ಊದಿದರೆ ಗಾಳಿ ಹೋಗಬಾರದು. ನಾನು ಎತ್ತಿ ಹಿಡಿದೆ, ಹುಡುಗ ಊದಿದ. ಕೆನ್ನೆ ಉಬ್ಬಿತು, ಗಾಳಿ ಹೋಗಲಿಲ್ಲ. ಸವೆದ ನೀಡಲಾದರೂ ಕಸ ಹೋದ ಮೇಲೆ ಇವತ್ತಿಗೆ ಸಾಕಾದೀತು ಎನಿಸಿತು. ಹಳೆಯ ಆಯಿಲು ಇಳಿಸಿ ಹೊಸದು ಹಾಕಿದೆ. ಎಲ್ಲ ಜೋಡಿಸಿ ಟ್ಯಾಪು ತೆರೆದೆ.

ಎರಡು ನಿಮಿಷ ಸುಮ್ಮನಿತ್ತು. ಆಮೇಲೆ ಮತ್ತೆ ತೊಟ್ಟು, ಮತ್ತೊಂದು ತೊಟ್ಟು.

ನನಗೆ ಬೆವರು ಬಂತು. ಮತ್ತೆ ಬಿಚ್ಚಲು ಸ್ಪ್ಯಾನರ್ ಎತ್ತಿದವನು ಎರಡು ಹೆಜ್ಜೆ ಹಿಂದೆ ನಿಂತು ಪಂಪನ್ನು ಒಟ್ಟಾಗಿ ನೋಡಿದೆ. ಅದು ಹೊಂಡದ ಇಳಿಜಾರಿನಲ್ಲಿ ಒಂದು ಕಲ್ಲಿನ ಮೇಲೆ ವಾಲಿಕೊಂಡು ಕೂತಿತ್ತು. ಫ್ಲೋಟ್ ಲೆಕ್ಕ ಹಾಕುವುದು ಎಂಜಿನ್ ಸಮತಟ್ಟಾಗಿದ್ದರೆ ಮಾತ್ರ. ವಾಲಿದರೆ ಎಣ್ಣೆ ಒಂದು ಕಡೆ ಏರುತ್ತದೆ, ಫ್ಲೋಟಿಗೆ ಅದು ತಿಳಿಯುವುದಿಲ್ಲ. ದೋಣಿಯಲ್ಲಿ ಎಂಜಿನನ್ನು ಎತ್ತಿ ಬಾಗಿಸಿದಾಗ ಎಣ್ಣೆ ಸೋರುವುದೂ ಇದರಿಂದಲೇ. ಇಷ್ಟು ಹೊತ್ತು ಒಳಗಿನದ್ದನ್ನೇ ನೋಡುತ್ತಾ ನೆಲ ನೋಡುವುದನ್ನು ಮರೆತಿದ್ದೆ. ಹಾರೆ, ಗುದ್ದಲಿ ತರಿಸಿ ಅಪ್ಪ ಮಗ ಇಬ್ಬರೂ ಮಣ್ಣು ಕೆತ್ತಿ ಜಾಗ ಮಟ್ಟ ಮಾಡಿದರು. ಒಂದು ತಟ್ಟೆಯಲ್ಲಿ ನೀರು ಹಾಕಿ ಮಟ್ಟ ನೋಡಿ ಪಂಪನ್ನು ಇಟ್ಟೆವು.

ತೊಟ್ಟಿಕ್ಕುವುದು ನಿಂತಿತು.

ಆದರೂ ಟ್ಯಾಪನ್ನು ಪೂರ್ತಿ ತೆರೆಯಬೇಡಿ, ಓಡಲು ಬೇಕಾದಷ್ಟೇ ತೆರೆಯಿರಿ ಎಂದೆ. ದೋಣಿಯಲ್ಲಿ ಟ್ಯಾಂಕು ಕೆಳಗಿರುತ್ತದೆ, ಎಂಜಿನ್ ಎಣ್ಣೆಯನ್ನು ಎಳೆದುಕೊಳ್ಳಬೇಕು. ಪಂಪಿನಲ್ಲಿ ಟ್ಯಾಂಕು ತಲೆಯ ಮೇಲೆ, ಎಣ್ಣೆಯ ಭಾರ ಹಗಲು ರಾತ್ರಿ ನೀಡಲಿನ ಮೇಲೇ ಬೀಳುತ್ತದೆ. ಒಣಗಿದ ಪ್ಲಗ್ ಹಾಕಿ, ಪೆಟ್ರೋಲಿಗೆ ತಿರುಗಿಸಿ, ಹಗ್ಗವನ್ನು ಹುಡುಗನ ಕೈಗೆ ಕೊಟ್ಟೆ. ಮೂರನೆಯ ಎಳೆತಕ್ಕೆ ಬಿಳಿ ಹೊಗೆ ಬಿಟ್ಟುಕೊಂಡು ಎಂಜಿನ್ ಹತ್ತಿತು. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದ. ಪೈಪು ಉಬ್ಬಿತು, ಮೇಲಿನ ಮಡಿಯಲ್ಲಿ ನೀರು ಬಿದ್ದ ಸದ್ದು ಕೇಳಿತು. ಯಜಮಾನರು ಓಡಿ ಹೋಗಿ ಕಾಲುವೆಯ ಬಾಯಿಗೆ ಮಣ್ಣು ಕೊಟ್ಟರು.

ಆರು ಗಂಟೆಗೆ ಐದು ನಿಮಿಷ ಇರುವಾಗ ನಿಲ್ಲಿಸಿದೆವು. ಮುಕ್ಕಾಲು ಪಾಲು ಸಸಿಗಳಿಗೆ ನೀರು ಸಿಕ್ಕಿತ್ತು. ನಿಲ್ಲಿಸುವ ಮುಂಚೆ ಹುಡುಗ ಪೆಟ್ರೋಲಿಗೆ ತಿರುಗಿಸಿದ, ನಿಲ್ಲಿಸಿದ ಮೇಲೆ ಟ್ಯಾಪು ಮುಚ್ಚಿದ, ಮುಚ್ಚಿದೆಯಾ ಎಂದು ಎರಡು ಸಲ ಮುಟ್ಟಿ ನೋಡಿದ. ಯಾರೂ ಹೇಳಲಿಲ್ಲ. ರಾತ್ರಿ ಊರಿನ ಇನ್ನೊಂದು ಕಡೆಯಿಂದ ಪಟಾಕಿ ಸದ್ದು ಬಂತು, ಆನೆ ಓಡಿಸುವುದು. ಜಗಲಿಯಲ್ಲಿ ಅಪ್ಪ ಮಗ ಒಂದೇ ಕಂಬಳಿ ಹೊದ್ದು ಕೂತು ರಾಗಿ ಮುದ್ದೆ ತಿಂದರು. ನನಗೂ ಇಟ್ಟರು.

ಊರಿಗೆ ಬಂದ ಮೇಲೆ ಉಮ್ಮನ ಹತ್ತಿರ ಕೂತೆ. ಮೊದಲು ಕೇಳಿದೆ, ಬಲೆ ಹೋದ ದಿನ ರಾತ್ರಿ ಉಪ್ಪ ಏನಾದರೂ ಹೇಳಿದ್ದರಾ ಎಂದು. ಉಮ್ಮ ಸ್ವಲ್ಪ ಯೋಚಿಸಿದರು. "ಊಟ ಮಾಡಲಿಲ್ಲ. ತಪ್ಪು ನನ್ನದು ಎಂದು ಒಂದು ಸಲ ಹೇಳಿದರು. ಯಾವ ತಪ್ಪು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ."

ಆಗ ನಾನು ಹೇಳಿದೆ. ಸ್ಕ್ರೂ ಮುಚ್ಚಿದ್ದು, ಪೆಟ್ರೋಲಿಗೆ ತಿರುಗಿಸದೆ ಇದ್ದದ್ದು, ಬಲ್ಬು ಹಿಂಡಿದ್ದು, ಎಲ್ಲ. ಹೇಳುವಾಗ ನನ್ನ ಸ್ವರ ಹದಿನೈದು ವರ್ಷದ ಹುಡುಗನದ್ದಾಗಿತ್ತು.

ಉಮ್ಮ ಬೈಯಲಿಲ್ಲ. "ನೀನೂ ಆ ರಾತ್ರಿ ಊಟ ಮಾಡಿರಲಿಲ್ಲ ಮೋನೆ" ಎಂದರು. "ಹೊಟ್ಟೆನೋವು ಎಂದಿದ್ದೆ. ಅಂದೇ ಇಬ್ಬರೂ ಬಾಯಿ ಬಿಟ್ಟಿದ್ದರೆ ಇಬ್ಬರೂ ಊಟ ಮಾಡುತ್ತಿದ್ದಿರಿ. ನಾನು ಮಾಡಿದ ಮೀನು ಸಾರು ಹಾಗೇ ಉಳಿಯಿತು."

ತಿಂಗಳು ಬಿಟ್ಟು ಮತ್ತೆ ಜೀರಹಳ್ಳಿಗೆ ಲೋಡಿಗೆ ಹೋದಾಗ ಪಂಪಿಗೆ ಹೊಸ ನೀಡಲ್ ಬಂದಿತ್ತು. ಚಾಮರಾಜನಗರದಿಂದ ಅಪ್ಪ ಮಗ ಇಬ್ಬರೂ ಹೋಗಿ ತಂದದ್ದಂತೆ. ಹಾಕಿದ್ದು ಹುಡುಗ. ಹಳೆಯದನ್ನು ಏನು ಮಾಡಿದೆ ಎಂದು ಕೇಳಿದೆ. ಬಿಸಾಡಿದೆ ಎಂದ. ನಾನು ಉಪ್ಪನದ್ದನ್ನು ಬಿಸಾಡಿಲ್ಲ, ಅದೇ ಕಾಗದದಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.